ಕೈಗೆ ಬಂದ ಮುಖ

ಫೋನಿನ ಒಳಗಿರಬೇಕಾದದ್ದು ಫೋನಿನ ಒಳಗೇ ಇರಬೇಕು, ಬೀದಿಗೆ ಬರಬಾರದು ಎಂದು ಆ ಪೇಟೆಬೀದಿಯಲ್ಲಿ ಮೊದಲು ಗೊಣಗಿದವನು ಚಹಾ ಅಂಗಡಿಯವನು. ಗೊಣಗದೆ ಏನು ಮಾಡುತ್ತಾನೆ ಹೇಳಿ! ಒಂದು ಬೆಳಿಗ್ಗೆ ಬಂದು ನೋಡಿದರೆ ಅವನ ಅಂಗಡಿಗೆ ಅಂಟಿಕೊಂಡ ಕರೆಂಟಿನ ಪೆಟ್ಟಿಗೆಯ ಮೇಲೆ, ಚಾರ್ಜು ಮುಗಿಯುವಾಗ ಫೋನಿನಲ್ಲಿ ಕಾಣುತ್ತದಲ್ಲ, ಆ ಕೆಂಪು ಬ್ಯಾಟರಿಯನ್ನು ಆಳೆತ್ತರಕ್ಕೆ ಬರೆದಿದ್ದರು. ಬಂದ ಗಿರಾಕಿಗಳೆಲ್ಲ, "ಏನಯ್ಯಾ, ನಿನ್ನ ಚಹಾದಲ್ಲಿ ದಮ್ಮಿಲ್ಲ ಅಂತ ಬರೆದೇಬಿಟ್ಟಿದಾರಲ್ಲ" ಎಂದು ಕಾಲೆಳೆಯತೊಡಗಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಗ್ರಂಥಾಲಯದ ಮೆಟ್ಟಿಲ ಮೇಲೆ ಕಂಪ್ಯೂಟರಿನ ಬಾಣದ ಗುರುತು ಬಂತು. ಬಸ್ಸಿಗೆ ಕಾಯುವ ಬೆಂಚಿನ ಹಿಂದೆ, ಆ ಕಡೆಯವರು ಏನೋ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸುವ ಮೂರು ಚುಕ್ಕಿಗಳು ಬಂದವು. ಹತ್ತು ವರ್ಷದಿಂದ ಬಾಗಿಲು ತೆರೆಯದ ಪಾತ್ರೆ ಅಂಗಡಿಯ ಷಟರಿನ ಮೇಲೆ, ಚಿತ್ರ ಬರುವ ತನಕ ಸುತ್ತುತ್ತಲೇ ಇರುವ ಚಕ್ರ ಬಂತು. ಅದಂತೂ ಹೇಳಿ ಮಾಡಿಸಿದ ಹಾಗಿತ್ತು. ನಗರಸಭೆ ಒಪ್ಪಿಗೆ ಕೊಟ್ಟ ಯೋಜನೆ ಅದು. ದಿನವಿಡೀ ಫೋನಿನಲ್ಲಿ ಮುಖ ಹುದುಗಿಸಿಕೊಂಡು ನಡೆಯುವ ಜನ, ಅದೇ ಫೋನನ್ನು ಗೋಡೆಯ ಮೇಲೆ ಕಂಡು ಒಂದು ಗಳಿಗೆ ನಿಂತು ತಲೆಯೆತ್ತಲಿ ಎಂಬುದು ಯೋಜನೆ ನಡೆಸುತ್ತಿದ್ದ ಮೇಡಂ ಅವರ ಆಸೆ. ಮೇಡಂ ಎಂದರೆ ಇನ್ನೂ ಮೂವತ್ತು ದಾಟದ ಹುಡುಗಿ. ಒಂದು ಕಡೆ ಕಾಲು ನಿಲ್ಲದವಳು, ಆದರೆ ಕೆಲಸದಲ್ಲಿ ಗಟ್ಟಿ.

ಬರೆಯುವ ಕೈ ಮಾತ್ರ ಪೇಂಟರದು. ಬೀದಿಗೆಲ್ಲ ಅವನು ಬೋರ್ಡಣ್ಣ. ವಯಸ್ಸು ಐವತ್ತೆರಡು. ಒಂದು ಕಾಲದಲ್ಲಿ ಆ ಬೀದಿಯ ಅಷ್ಟೂ ಅಂಗಡಿಗಳ ಹೆಸರು ಅವನ ಕೈಬರಹವೇ. ಆಮೇಲೆ ಮಷೀನಿನಲ್ಲಿ ಅಚ್ಚಾಗುವ ಫ್ಲೆಕ್ಸು ಬಂತು ನೋಡಿ, ಅವನ ಅಕ್ಷರ ಕೇಳುವವರೇ ಇಲ್ಲವಾದರು. ಗೇಟು, ಕಿಟಕಿ ಸರಳು ಅಂತ ಬಣ್ಣ ಬಳಿದುಕೊಂಡು ಕಾಲ ಹಾಕುತ್ತಿದ್ದ. ಮೇಡಂ ಹುಡುಕಿಕೊಂಡು ಬಂದು "ಪೇಂಟರ್ ಸರ್" ಎಂದು ಕರೆದಾಗ ಅವನು ಹಿಂದೆ ತಿರುಗಿ ನೋಡಿದನಂತೆ, ಇನ್ಯಾರನ್ನೋ ಕರೆಯುತ್ತಿದ್ದಾಳೆ ಅಂತ. ಅಷ್ಟು ಬಾಡಿಹೋಗಿದ್ದ ಮನುಷ್ಯ. ಈ ಕೆಲಸ ಸಿಕ್ಕ ಮೇಲೆ ಅವನ ನಡಿಗೆಯೇ ಬದಲಾಗಿತ್ತು.

ಯೋಜನೆಯ ಕಡೆಯ ಗೋಡೆ ಎಲ್ಲಕ್ಕಿಂತ ದೊಡ್ಡದು, ಮೂರು ಅಂತಸ್ತಿನ ಗೋದಾಮಿನ ಬೋಳು ಬೆನ್ನು. ಅದಕ್ಕೆ ಮೇಡಂ ಆರಿಸಿದ ಚಿತ್ರ ಯಾರಿಗೆ ತಾನೆ ಗೊತ್ತಿಲ್ಲ? ಬಸ್‌ಸ್ಟ್ಯಾಂಡಿನ ಒದ್ದೆ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ. ಪಕ್ಕದಲ್ಲಿ ಹಿಡಿ ಕಿತ್ತುಹೋದ ಚೀಲ, ಸುತ್ತ ಕೆಸರಿನಲ್ಲಿ ಬಿದ್ದ ಷರ್ಟುಗಳು. ಒಂದು ಷರ್ಟನ್ನು ಎದೆಗೆ ಅವುಚಿಕೊಂಡು ಬಾಯಿ ಬಿಟ್ಟು ಅಳುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಈಗಷ್ಟೇ ಇಸ್ತ್ರಿ ಮಾಡಿದ್ದೆ!" ಎಂಬ ಮಾತು. ಎರಡು ವರ್ಷದಿಂದ ಆ ಚಿತ್ರ ಜನರ ಫೋನಿನಿಂದ ಫೋನಿಗೆ ಹಾರುತ್ತಲೇ ಇತ್ತು. ಹಾಲು ಉಕ್ಕಿದರೆ ಆ ಚಿತ್ರ, ತೊಳೆದ ಗಾಡಿಯ ಮೇಲೆ ಕಾಗೆ ಹಿಕ್ಕೆ ಹಾಕಿದರೆ ಆ ಚಿತ್ರ, ಓದಿದ್ದು ಬಿಟ್ಟು ಬೇರೆಯದೇ ಪ್ರಶ್ನೆ ಬಂದರೆ ಆ ಚಿತ್ರ. ಕಾಪಿಯ ಕಾಪಿಯ ಕಾಪಿ ಆಗಿ ಆಗಿ, ಹೆಂಗಸಿನ ಮುಖ ಕಲಸಿಹೋಗಿ ಬರೀ ಹತ್ತು ಹನ್ನೆರಡು ಬಣ್ಣದ ಚೌಕಗಳಾಗಿ ಉಳಿದಿತ್ತು.

"ಮುಖ ಹಾಗೇ ಚೌಕ ಚೌಕವಾಗಿ ಇರಲಿ ಸರ್" ಎಂದಿದ್ದಳು ಮೇಡಂ. "ಫೋನಲ್ಲಿ ಹೇಗಿದೆಯೋ ಹಾಗೇ. ಯಾರೋ ಏನೋ, ಗುರುತು ಸಿಗದೇ ಇರೋದೇ ಒಳ್ಳೇದು."

ಪೇಂಟರ್ ಹೂಂ ಎಂದು ತಲೆಯಾಡಿಸಿದ. ತಲೆಯಾಡಿಸಲು ಅವನಿಗೇನು ಕಷ್ಟ!

ಅವನ ಕಸುಬಿನ ಕ್ರಮ ಹೀಗೆ: ಚಿತ್ರದ ಮೇಲೆ ಚೌಕದ ಗೆರೆ ಎಳೆಯಬೇಕು, ಗೋಡೆಯ ಮೇಲೂ ಅಷ್ಟೇ ಚೌಕ ಎಳೆಯಬೇಕು, ಆಮೇಲೆ ಒಂದೊಂದೇ ಚೌಕ ತುಂಬುತ್ತ ಹೋಗಬೇಕು. ಅಟ್ಟಣಿಗೆಯ ಮೇಲೆ ನಿಂತವನಿಗೆ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ. ಕಣ್ಣೋ ಬಾಯೋ ಎಂದು ಅವನಿಗೆ ತಿಳಿಯುವುದು ಕೆಳಗಿಳಿದು ಬೀದಿಯ ಆಚೆ ಹೋಗಿ ನಿಂತಾಗಲೇ. ಎಂಟು ದಿನದಲ್ಲಿ ಷರ್ಟು, ಚೀಲ, ಕೆಸರು, ಕೆಳಗಿನ ಅಕ್ಷರ ಎಲ್ಲ ಮುಗಿಯಿತು. ಮೇಡಂ ಬೇರೆ ಊರಿನ ಗೋಡೆಯ ಒಪ್ಪಿಗೆಗೆಂದು ಮೂರು ದಿನ ಹೊರಟುಹೋದಳು. ಪೇಂಟರ್ ಮುಖಕ್ಕೆ ಕೈ ಹಾಕಿದ.

ಎರಡು ಚೌಕ ತುಂಬಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಹದಿನೈದನೇ ವಯಸ್ಸಿಗೆ ಬ್ರಷ್ಷು ಹಿಡಿದವನು. ಕಲಿಸಿದ ಗುರು, ಅಕ್ಷರದ ಅಂಚು ಮಸುಕಾದರೆ ಸ್ಕೇಲಿನಿಂದ ಗೆಣ್ಣಿಗೆ ಬಾರಿಸುತ್ತಿದ್ದ. "ಮಸುಕು ಬರೆಯೋದಕ್ಕೆ ಕುಡುಕ ಸಾಕು, ಪೇಂಟರ್ ಯಾಕೆ ಬೇಕು?" ಎನ್ನುತ್ತಿದ್ದ. ಈಗ ಊರಿಗೆಲ್ಲ ಕಾಣುವ ಗೋಡೆಯ ಮೇಲೆ, ಕೆಳಗೆ ತನ್ನ ರುಜು ಬೇರೆ ಹಾಕಲು ಮೇಡಂ ಹೇಳಿರುವಾಗ, ಮುಖದ ಜಾಗದಲ್ಲಿ ಬಣ್ಣದ ಚೌಕ ಮೆತ್ತಿಟ್ಟರೆ ಜನ ಏನಂದಾರು? ಬೋರ್ಡಣ್ಣನಿಗೆ ಅಕ್ಷರ ಬರುತ್ತೆ, ಮುಖ ಬರಲ್ಲ ಅಂದಾರು. ಇಂಥ ಮಾತು ಕೇಳುವುದಕ್ಕಿಂತ ಸೊಂಟದ ಹಗ್ಗ ಕಳಚಿಕೊಂಡು ಕೆಳಗೆ ಹಾರುವುದು ಮೇಲು. ಹೀಗಂದುಕೊಂಡು ಆ ಮಹಾನುಭಾವ ಮಸುಕಾದದ್ದನ್ನೆಲ್ಲ ತಿದ್ದಿಬಿಟ್ಟ. ಹುಬ್ಬು ಬರೆದ. ಅಳುವಾಗ ಒಂದು ಕಣ್ಣು ಇನ್ನೊಂದಕ್ಕಿಂತ ಹೆಚ್ಚು ಮುಚ್ಚುವ ಹಾಗೆ ಬರೆದ. ಬಿಟ್ಟ ಬಾಯೊಳಗೆ ಹಲ್ಲಿನ ಮೇಲೆ ಹತ್ತಿ ಕೂತ ಇನ್ನೊಂದು ಹಲ್ಲು, ಎಡಗಿವಿಯ ಕೆಳಗೆ ಒಂದು ಮಚ್ಚೆ. ಯಾವುದನ್ನೂ ಯೋಚಿಸಿ ಬರೆಯಲಿಲ್ಲ. ಕೈ ತಾನಾಗಿ ಹೋಯಿತು, ಅವನು ಹೋಗಗೊಟ್ಟ. ಅಂಥ ದಿನಗಳು ಕಸುಬಿನವನ ಬದುಕಿನಲ್ಲಿ ಹೆಚ್ಚು ಬರುವುದಿಲ್ಲ. ಶಿಳ್ಳೆ ಹಾಕಿಕೊಂಡು ಬರೆದ ಪಾಪಿ.

ಮೂರನೆಯ ದಿನ ಮೇಡಂ ಬಂದು ನೋಡಿ ಬೆಚ್ಚಿದಳು. "ಸರ್, ಮುಖ ಬೇಡ ಅಂದಿದ್ದೆನಲ್ಲ! ಯಾರಿದು?"

"ಯಾರೂ ಅಲ್ಲ ಮೇಡಂ. ಕೈಗೆ ಬಂದ ಮುಖ."

ಅಷ್ಟರಲ್ಲಾಗಲೇ ಗೋಡೆಯ ಮುಂದೆ ಜನ ಸೇರಿ, ಆ ಹೆಂಗಸಿನ ಹಾಗೆಯೇ ಬಾಯಿ ಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚಹಾ ಅಂಗಡಿಯವನು ಕೂಡ ಗೊಣಗಾಟ ಮರೆತು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಭಲೇ ಬೋರ್ಡಣ್ಣ! ನಿಮ್ಮಕ್ಕನ್ನೇ ಎತ್ತಿ ಗೋಡೆ ಮೇಲೆ ಕೂರಿಸಿಬಿಟ್ಟಿದೀಯಲ್ಲೋ!" ಎಂದ.

ಪೇಂಟರ್ ಬೀದಿಯ ಆಚೆ ಹೋಗಿ ನಿಂತು ನೋಡಿದ. ಹೌದಲ್ಲ! ಥೇಟ್ ಅಕ್ಕ. ಅವನಿಗೆ ನಗು ಬಂತು. ಬರದೇನು? ಎಂಟು ವರ್ಷದವನಿದ್ದಾಗ ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಮುಖ ಬರೆಯಲು ಕಲಿತದ್ದೂ ಅಡುಗೆಮನೆಯಲ್ಲಿ ಅವಳನ್ನೇ ಎದುರಿಗೆ ಕೂರಿಸಿಕೊಂಡು. ಆಮೇಲೆ ಯಾವ ಸೋಪಿನ ಸುಂದರಿಯನ್ನು ಬರೆದರೂ ಅದರಲ್ಲಿ ಅಕ್ಕನ ಮೂಗೋ ಗದ್ದವೋ ಇಣುಕುತ್ತಿತ್ತು. ಇದನ್ನು ಹೇಳಿ ಅವಳನ್ನು ಸ್ವಲ್ಪ ಗೋಳು ಹುಯ್ದುಕೊಳ್ಳೋಣ ಎಂದು ಬಣ್ಣದ ಕೈಯಲ್ಲೇ ಹೊರಟ.

ಅಕ್ಕನ ಅಂಗಡಿ ಹಿಂದಿನ ಬೀದಿಯಲ್ಲಿ. ಒಂದು ಹೊಲಿಗೆ ಮಷೀನು, ಗಿಡ್ಡ ಮಾಡಬೇಕಾದ ಪ್ಯಾಂಟುಗಳ ರಾಶಿ, ಒಂದು ಸ್ಟೂಲು, ಅಷ್ಟೇ ಅಂಗಡಿ. ಭಾವ ದೂರದ ಬಂದರಿನಲ್ಲಿ ಕೆಲಸಕ್ಕಿದ್ದ. ರಜೆ ಸಿಗುವುದಿಲ್ಲ ಎಂದು ಮೂರು ವರ್ಷದಿಂದ ಬಂದಿರಲಿಲ್ಲ. ಒಬ್ಬಳೇ ಇದ್ದರೂ ಅಕ್ಕ ಯಾರ ಮುಂದೂ ಕೈ ಚಾಚಿದವಳಲ್ಲ, ಗೋಳು ಹೇಳಿಕೊಂಡವಳೂ ಅಲ್ಲ.

"ಅಕ್ಕಾ, ನಿನ್ನ ಗೋಡೆ ಹತ್ತಿಸಿಬಿಟ್ಟೆ ಕಣಕ್ಕಾ!" ಎಂದ ಪೇಂಟರ್ ಬಾಗಿಲಲ್ಲೇ.

ಮಷೀನು ನಿಂತಿತು. ಅಕ್ಕ ತಲೆಯೆತ್ತಲಿಲ್ಲ. "ಯಾರು ಹೇಳಿದ್ರು ನಿಂಗೆ?"

"ಯಾರು ಹೇಳೋದೇನು, ಬೀದಿಗೆ ಬೀದಿನೇ ಹೇಳ್ತಿದೆ, ಥೇಟ್ ನಿನ್ನ ಹಾಗೇ ಇದೆ ಅಂತ."

"ಅದಲ್ಲ ಕೇಳಿದ್ದು. ಆ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೋಳು ನಾನೇ ಅಂತ ಯಾರು ಹೇಳಿದ್ರು?"

ಅವನ ಮುಖದ ಮೇಲಿನ ನಗು ಹಾಗೇ ಉಳಿದುಬಿಟ್ಟಿತು, ಒಳಗಿನಿಂದ ಜೀವ ಹೋದ ಮೇಲೂ. "ಏನಂದೆ?" ಎಂದ, ಕೇಳಿಸದವನ ಹಾಗೆ. ಅಕ್ಕ ಈಗ ಅವನನ್ನು ನೋಡಿದಳು. ಇವನಿಗೆ ಗೊತ್ತೇ ಇರಲಿಲ್ಲ ಎಂದು ಅವಳಿಗೂ ಆಗ ತಿಳಿಯಿತು. ತಿಳಿದು ಅವಳು ಇನ್ನಷ್ಟು ಕುಗ್ಗಿದಳು. ತಾನೇ ಬಾಯಿ ಬಿಟ್ಟು ಹೇಳಿದಂತಾಯಿತಲ್ಲ.

"ಗೊತ್ತಿಲ್ದೇನೇ ಬರೆದ್ಯಾ? ಈ ಹಲ್ಲು, ಈ ಮಚ್ಚೆ, ಎಲ್ಲಾ ಗೊತ್ತಿಲ್ದೇನೇ?"

"ಅಕ್ಕಾ, ನಿನ್ನಾಣೆ ಗೊತ್ತಿರಲಿಲ್ಲ. ಕೈಗೆ ಬಂತು, ಬರೆದೆ."

ಹೇಳಿದ ಮೇಲೆ ಅವನಿಗೇ ಆ ಮಾತು ಹೊಲಸು ಅನ್ನಿಸಿತು. ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಅಂದರೆ ಯಾವ ನ್ಯಾಯ? ಒಂದು ಕಾಲು ಮಡಿಸಿ ಅದರ ಮೇಲೆ ಕೂರುವ ಆ ಭಂಗಿ ಚಿತ್ರದಲ್ಲಿ ಸ್ಪಷ್ಟವಾಗೇ ಇತ್ತು. ಹಾಗೆ ಕೂತು ಅವಳು ಅವನಿಗೆ ಎಷ್ಟು ವರ್ಷ ಊಟ ಬಡಿಸಿಲ್ಲ! ಕೈ ಗುರುತು ಹಿಡಿದಿತ್ತು. ಕಣ್ಣಿಗೆ ಮಾತ್ರ ನಗುವ ಅವಸರ.

"ಎರಡು ವರ್ಷ" ಎಂದಳು ಅಕ್ಕ. "ಮುಖ ಕಾಣಲ್ಲ, ಸದ್ಯ ಬದುಕಿದೆ ಅಂದ್ಕೊಂಡು ಓಡಾಡ್ತಿದ್ದೆ. ಮನೆ ಗ್ರೂಪಿಗೆ ಅದನ್ನ ಮೊದಲು ಹಾಕಿದೋನೂ ನೀನೇ. ಬಣ್ಣದ ಡಬ್ಬ ಚೆಲ್ಲಿತು ಅಂತ. 'ಇವತ್ತು ನನ್ನ ಕಥೆ ಇದೇ' ಅಂತ ಬರೆದಿದ್ದೆ ನೀನು."

ಹಾಕಿದ್ದ. ಅವನಿಗೆ ನೆನಪಾಯಿತು. ನೆನಪಾದದ್ದು ಅಷ್ಟೇ ಅಲ್ಲ. "ನೀನೂ ನಕ್ಕಿದ್ದೆ ಅಕ್ಕಾ. ನಗೋ ಮುಖ ಹಾಕಿದ್ದೆ."

"ಎಲ್ಲಾರೂ ನಗ್ತಿದ್ರಿ. ನಾನೊಬ್ಬಳು ನಗದೇ ಇದ್ದಿದ್ರೆ ಗುರುತು ಹಿಡೀತಿದ್ರಿ."

ಭೂಮಿ ಬಾಯಿ ಬಿಟ್ಟಿದ್ದರೆ ಪೇಂಟರ್ ಆ ಕ್ಷಣ ಒಳಗೆ ಹೋಗಿಬಿಡುತ್ತಿದ್ದ. ಭೂಮಿ ಎಲ್ಲಿ ಬಾಯಿ ಬಿಡುತ್ತದೆ, ಅದಕ್ಕೇನು ಬೇರೆ ಕೆಲಸವಿಲ್ಲವೇ? ಅಲ್ಲೇ ನಿಲ್ಲಬೇಕಾಯಿತು. "ಈಗಲೇ ಹೋಗಿ ಸುಣ್ಣ ಹೊಡೆದುಬಿಡ್ತೀನಿ" ಎಂದು ತಿರುಗಿದ.

ಅಕ್ಕ ಮಷೀನಿನ ಮೇಲಿದ್ದ ಫೋನನ್ನು ಅವನ ಕಡೆ ತಳ್ಳಿದಳು. ಗೋಡೆಯ ಮುಂದೆ ಹಲ್ಲು ಕಿರಿದು ನಿಂತವರ ಫೋಟೋ ಒಂದಲ್ಲ, ಎರಡಲ್ಲ. ಗೋಡೆಯಿಂದ ಆ ಮುಖ ಮತ್ತೆ ಫೋನಿಗೆ ಇಳಿದಿತ್ತು, ಈ ಸಲ ಮಸುಕಿಲ್ಲದೆ, ಹಲ್ಲು ಮಚ್ಚೆ ಸಮೇತ. ಕೊನೆಯಲ್ಲಿ ಚಿಕ್ಕಮ್ಮನ ಮೆಸೇಜು: "ಇದು ನೀನೇ ಅಲ್ವೇನೇ? ಏನಾಗಿತ್ತೇ?"

"ಗೋಡೆಗೇನೋ ಸುಣ್ಣ ಹೊಡೀತೀಯ. ಇದಕ್ಕೆ ಏನು ಹೊಡೀತೀಯ?"

ಅಕ್ಕ ಇನ್ನೊಂದು ಮಾತು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮೆಲ್ಲಗೆ ಕೇಳಿದಳು. "ಆ ಹೆಂಗಸು ಯಾಕೆ ಅಳ್ತಿದಾಳೆ ಅಂತ ಒಂದು ದಿನ ಆದ್ರೂ ಅನ್ನಿಸ್ತೇನೋ ನಿಂಗೆ? ನಾನು ಅಂತಲ್ಲ. ಯಾವಳೋ ಒಬ್ಬಳು ಅಂತಲೇ ಇಟ್ಕೋ. ಮೂರು ದಿನ ಅವಳ ಬಾಯಿ ಬರೆದೆ, ಕಣ್ಣೀರು ಬರೆದೆ. ಇಸ್ತ್ರಿ ಮಾಡಿದ ಷರ್ಟು ಕೆಸರಿಗೆ ಬಿದ್ರೆ ಯಾರಾದ್ರೂ ಹಾಗೆ ಅಳ್ತಾರೇನೋ?"

"ಯಾಕಕ್ಕಾ ಅತ್ತೆ?" ಎಂದ.

"ಈಗ ಕೇಳಬೇಡ, ಹೋಗು" ಎಂದು ಅಕ್ಕ ಮಷೀನು ತುಳಿಯತೊಡಗಿದಳು.

ಮರುದಿನ ಬೆಳಿಗ್ಗೆ ಪೇಂಟರ್ ಒಂದು ಬಕೆಟ್ ಬಿಳಿ ಬಣ್ಣ ಕಲಸಿಕೊಂಡು ಗೋಡೆಯ ಹತ್ತಿರ ಬಂದ. ಮೇಡಂಗೆ ವಿಷಯವೆಲ್ಲ ಹೇಳಿದ. ಅವಳು ಬೈಯಲಿಲ್ಲ. "ನಾನು ಆರಿಸಿದ ಚಿತ್ರ ಸರ್, ನನ್ನದೂ ತಪ್ಪಿದೆ. ಅಳಿಸಿಬಿಡಿ" ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅವನಿಗೆ. ಚಹಾ ಅಂಗಡಿಯವನು ಬಂದು, "ಯಾಕೋ ಬೋರ್ಡಣ್ಣ, ತಲೆ ಕೆಟ್ಟಿದೆಯೇನೋ, ಇಂಥ ಚಿತ್ರಕ್ಕೆ ಬಿಳಿ ಹೊಡೀತೀಯಾ?" ಎಂದು ಕೂಗಾಡಿದ. ಇವನು ತಲೆ ತಗ್ಗಿಸಿಕೊಂಡೇ ಅಟ್ಟಣಿಗೆ ಹತ್ತಿ ಮುಖದ ಮುಂದೆ ನಿಂತ. ಬ್ರಷ್ಷು ಅದ್ದಿದ. ಆಗ ಕೆಳಗಿನಿಂದ ಅಕ್ಕನ ದನಿ.

"ಮುಖ ಮುಟ್ಟಬೇಡ."

ಅಂಗಡಿ ಮುಚ್ಚಿ ಬಂದಿದ್ದಳು. ಹಾಡಹಗಲು, ತನ್ನದೇ ಮುಖದ ಕೆಳಗೆ, ಇಡೀ ಬೀದಿಗೆ ಕಾಣುವ ಹಾಗೆ ನಿಂತಿದ್ದಳು. ಫೋಟೋ ತೆಗೆಸಿಕೊಳ್ಳುತ್ತಿದ್ದ ಇಬ್ಬರು ಅವಳನ್ನೂ ಗೋಡೆಯನ್ನೂ ನೋಡಿ, ಫೋನು ಜೇಬಿಗಿಳಿಸಿ, ಜಾಗ ಖಾಲಿ ಮಾಡಿದರು.

"ಮುಖ ಅಳಿಸಿದ್ರೆ ನಾನೇನೋ ಕದ್ದು ಸಿಕ್ಕಿಬಿದ್ದ ಹಾಗಾಗುತ್ತೆ. ನಾನೇನೂ ಕದ್ದಿಲ್ಲ. ಕೆಳಗಿನ ಮಾತು ಅಳಿಸು. ನಗಿ ಅಂತ ಜನಕ್ಕೆ ಹೇಳ್ತಿರೋದು ಅದು."

ಪೇಂಟರ್ ಒಂದು ಅಂತಸ್ತು ಕೆಳಗಿಳಿದು ಅಕ್ಷರಗಳ ಮುಂದೆ ನಿಂತ. ಅವನ ಜೀವಮಾನದಲ್ಲೇ ಅಷ್ಟು ಚೆಂದದ ಅಕ್ಷರ ಬರೆದಿರಲಿಲ್ಲ. ಒಂದೊಂದಾಗಿ ಬಿಳಿ ಬಳಿಯುತ್ತ ಹೋದ. ಅಕ್ಕ ಗೋದಾಮಿನ ಜಗಲಿಯ ಮೇಲೆ ಕೂತಳು. ಮೇಡಂ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ನೋಡುತ್ತಿದ್ದ ಜನಕ್ಕೂ ಬೇಜಾರಾಯಿತೇನೋ, ಕರಗಿದರು. ಮಾತು ಓದಲಾಗದಷ್ಟು ಅಳಿಸಿದ ಮೇಲೆ ಅಲ್ಲಿ ಉಳಿದದ್ದು ಅಳುವ ಒಬ್ಬ ಹೆಂಗಸು ಮಾತ್ರ.

ಔಷಧಿಯ ಚೀಲ ಹಿಡಿದ ಒಬ್ಬ ಮುದುಕಿ ಆ ದಾರಿಯಲ್ಲಿ ಬಂದಳು. ಬೇರೆ ಬಡಾವಣೆಯವಳಿರಬೇಕು, ಬೀದಿಯಲ್ಲಿ ಯಾರಿಗೂ ಅವಳ ಪರಿಚಯವಿರಲಿಲ್ಲ. ಫೋನು ಗೀನು ಇದ್ದಂತೆ ಕಾಣಲಿಲ್ಲ. ಗೋಡೆ ನೋಡಿ ನಿಂತಳು. "ಅಯ್ಯೋ ಪಾಪವೇ, ಯಾಕಮ್ಮಾ ಇವಳು ಹೀಗೆ ಅಳ್ತಿದಾಳೆ? ಯಾರಾದ್ರೂ ಹೋಗ್ಬಿಟ್ರಾ?" ಎಂದು ಜಗಲಿಯ ಕಡೆ ತಿರುಗಿದವಳು, "ಅಲ್ಲಾ, ನೀನೇ ಅಲ್ವೇನಮ್ಮಾ ಇದು?" ಎಂದಳು.

"ಹೌದಮ್ಮಾ, ನಾನೇ."

ಮುದುಕಿ ಬಂದು ಪಕ್ಕದಲ್ಲಿ ಕೂತಳು. ಎರಡಾಳು ಎತ್ತರದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಪೇಂಟರಿನ ಬ್ರಷ್ಷು ನಿಂತಿತು.

"ನನ್ನ ಗಂಡ ಬಂದರಿನಲ್ಲಿ ಕೆಲಸಕ್ಕಿದ್ರು" ಎಂದಳು ಅಕ್ಕ. "ರಜೆ ಇಲ್ಲ, ರಜೆ ಇಲ್ಲ ಅಂತಿದ್ರು. ಹಾಗಾದ್ರೆ ನಾನೇ ಹೋಗಿ ನೋಡ್ಕೊಂಡು ಬರೋಣ ಅಂತ, ಹೇಳದೇ ಕೇಳದೇ ಹೊರಟೆ. ನಾಲ್ಕು ಷರ್ಟು ಹೊಲಿದು ಇಸ್ತ್ರಿ ಮಾಡಿ ತಗೊಂಡು ಹೋಗಿದ್ದೆ. ಬಾಗಿಲು ತೆಗೆದೋಳು ಬೇರೆ ಒಬ್ಬಳು. ಸೊಂಟದ ಮೇಲೆ ಮಗು. ಮಗುವಿನ ಮೂಗು ಅವರದೇ. ಒಳಗಿಂದ 'ಯಾರೇ ಅದು?' ಅಂತ ಕೇಳಿದ್ರು. ಅವರದೇ ದನಿ. ನಾನು 'ಮನೆ ತಪ್ಪಿತು' ಅಂದು ಬಂದುಬಿಟ್ಟೆ."

"ಅಯ್ಯೋ ನನ್ನ ತಾಯಿ" ಎಂದಳು ಮುದುಕಿ.

"ದಾರಿಯುದ್ದಕ್ಕೂ ಅಳು ಬರಲಿಲ್ಲ. ಬಸ್ ಇಳಿದೆ, ಚೀಲದ ಹಿಡಿ ಕಿತ್ತು ಷರ್ಟೆಲ್ಲಾ ಕೆಸರಿಗೆ ಬಿತ್ತು. ಆಗ ಬಂತು ನೋಡಿ. ಜನ ಏನಾಯ್ತು ಏನಾಯ್ತು ಅಂತ ಕೇಳಿದ್ರು. ಏನು ಹೇಳಲಿ? ಈಗಷ್ಟೇ ಇಸ್ತ್ರಿ ಮಾಡಿದ್ದೆ ಅಂದೆ. ಯಾರೋ ಫೋಟೋ ತೆಗೆದ್ರು."

"ಮನೇಲಿ ಯಾರಿಗಾದ್ರೂ ಹೇಳಬಾರದಾಗಿತ್ತೇನಮ್ಮಾ?"

"ಒಬ್ಬ ತಮ್ಮ ಇದಾನೆ. ನಾಲ್ಕು ದಿನ ಧೈರ್ಯ ಕಟ್ಕೊಂಡು, ಹೇಳೋಣ ಅಂತ ಅವನ ಮನೆಗೆ ಹೊರಟಿದ್ದೆ. ದಾರೀಲಿ ಫೋನು ಸದ್ದಾಯ್ತು, ನೋಡಿದ್ರೆ ಈ ಚಿತ್ರ, ಅಷ್ಟರಲ್ಲೇ ಮುಖ ಕಲಸಿಹೋಗಿತ್ತು. ಅವನೇ ಕಳಿಸಿದ್ದ. ಅಲ್ಲಿಂದಲೇ ವಾಪಸ್ ಬಂದೆ."

ಮುದುಕಿ ಅಕ್ಕನ ಬೆನ್ನು ಸವರಿದಳು. ಮೇಲೆ ನಿಂತವನ ಕೈಯ ಬ್ರಷ್ಷಿನಿಂದ ಬಿಳಿ ಬಣ್ಣ ಮೊಣಕೈವರೆಗೂ ಹರಿದಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಇಳಿಯಲೇಬೇಕು. ಇಳಿದು ಬಂದು ಅಕ್ಕನ ಮುಂದೆ, ಏಟಿಗೆ ಕಾದವನ ಹಾಗೆ ನಿಂತ. ಮುದುಕಿ ಅವನನ್ನೊಮ್ಮೆ ನೋಡಿ, ಆ ತಮ್ಮ ಇವನೇ ಎಂದು ಊಹಿಸಿ, ಮುಖ ಆಚೆ ತಿರುಗಿಸಿದಳು.

"ಅಕ್ಕಾ" ಎಂದ. "ನಂಗೂ ಹೇಳು."

"ಮೇಲಿಂದ ಕೇಳಿಸಿಕೊಂಡ್ಯಲ್ಲ."

"ಕೇಳಿಸಿಕೊಂಡೆ. ಆದ್ರೂ ನಂಗೆ ಅಂತ ಹೇಳಕ್ಕಾ."

ಅಕ್ಕ ಅವನ ಕೈಯಿಂದ ತೊಟ್ಟಿಕ್ಕುತ್ತಿದ್ದ ಬಣ್ಣವನ್ನು ನೋಡಿದಳು, ಮುಖವನ್ನು ನೋಡಿದಳು. ಅವಳಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಇಲ್ಲಪ್ಪಾ. ಒಂದು ಸಲ ಹೇಳೋಷ್ಟೇ ಶಕ್ತಿ ಇತ್ತು. ಹೇಳಿ ಆಯ್ತು" ಎಂದಳು. ಮುದುಕಿಯ ಕೈ ಹಿಡಿದು ಎಬ್ಬಿಸಿ, ಔಷಧಿಯ ಚೀಲ ತಾನೇ ಎತ್ತಿಕೊಂಡು, ಅವಳಿಗೆ ರಸ್ತೆ ದಾಟಿಸಲು ಹೊರಟಳು.